ಉಷ್ಣಾಂಶ ಬೇರೆ, ಉಷ್ಣ ಬೇರೆ: ಹಸಿ ಸೌದೆ ಕಲಿಸಿದ ಪಾಠ

ರಾಗಿಯನ್ನೋ ಕೊಬ್ಬರಿಯನ್ನೋ ಅರಸೀಕೆರೆಗೆ ಮಾರಲು ತಗೊಂಡು ಹೋದರೆ ಮೊದಲು ನೋಡುವುದು ತೇವಾಂಶ. ತೇವಾಂಶ ಎಂದರೆ ಆ ಕಾಳಿನಲ್ಲಿ ಎಷ್ಟು ತೇವ ಇದೆ ಎಂದು ಅರ್ಥ. ಇದು ಎಲ್ಲರಿಗೂ ಗೊತ್ತು. ಅದೇ ಲೆಕ್ಕದಲ್ಲಿ ರೇಡಿಯೋದವರು ಹೇಳುವ 'ಗರಿಷ್ಠ ಉಷ್ಣಾಂಶ 36 ಡಿಗ್ರಿ' ಎಂದರೆ ಗಾಳಿಯಲ್ಲಿ ಅಷ್ಟು ಉಷ್ಣ ಇದೆ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಹಾಗಲ್ಲವಂತೆ. ಆ 36 ಡಿಗ್ರಿ ಹೇಳುವುದು ಗಾಳಿ ಎಷ್ಟು ಬಿಸಿಯಾಗಿದೆ ಎಂಬುದನ್ನು ಮಾತ್ರ. ಅದರೊಳಗೆ ಎಷ್ಟು ಉಷ್ಣ ತುಂಬಿದೆ ಎಂಬುದು ಬೇರೆಯೇ ಲೆಕ್ಕ.

ಏಳನೇ ಕ್ಲಾಸು ಓದಿದ ನನಗೆ ಈ ವ್ಯತ್ಯಾಸ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಮಗಳ ಮದುವೆಯಲ್ಲಿ ಮರ್ಯಾದೆ ಹೋಗುವ ಹೊತ್ತು ಬಂದಿತ್ತು. ಆಗ ಬೇಕಾಯಿತು.

ಸೌದೆಯೋ ನೀರೋ?

2018ರ ಏಪ್ರಿಲ್‌ನಲ್ಲಿ ಮಗಳ ಮದುವೆ. ಮನೆ ಮುಂದೆಯೇ ಚಪ್ಪರ, ಮನೆ ಹಿಂದೆ ಅಡುಗೆ. ಅಡುಗೆಯವರು ಹತ್ತು ಕ್ವಿಂಟಲ್ ಸೌದೆ ಬೇಕು ಎಂದರು. ವಿಚಾರಿಸಿದಾಗ ಒಣಗಿದ ಜಾಲಿ ಸೌದೆ ಕಿಲೋಗೆ ಆರು ರೂಪಾಯಿ ಇತ್ತು. ಇನ್ನೊಂದು ಕಡೆ ಹೊಸದಾಗಿ ಕಡಿದ ನೀಲಗಿರಿ ನಾಲ್ಕು ರೂಪಾಯಿಗೆ ಸಿಕ್ಕಿತು. ಹತ್ತು ಕ್ವಿಂಟಲ್‌ಗೆ ಎರಡು ಸಾವಿರ ಉಳಿಯಿತಲ್ಲ ಎಂದು ಸಂತೋಷಪಟ್ಟು ನೀಲಗಿರಿಯನ್ನೇ ತೂಕ ಹಾಕಿಸಿ ತಂದೆ. ಬಿಸಿಲಿಗೆ ಹರಡಿದ್ದು ಬರೀ ನಾಲ್ಕು ದಿನ.

ಧಾರೆಯ ದಿನ ಬೆಳಗಿನ ಜಾವ ಒಲೆ ಹಚ್ಚಿದರೆ ಬರೀ ಹೊಗೆ. ಸೌದೆಯ ತುದಿಯಲ್ಲಿ ನೊರೆ ನೊರೆಯಾಗಿ ನೀರು ಒಸರುತ್ತಾ 'ಸುಯ್' ಅನ್ನುತ್ತಿತ್ತು. ಸೀಮೆಎಣ್ಣೆ ಸುರಿದಷ್ಟು ಹೊತ್ತು ಉರಿ, ಆಮೇಲೆ ಮತ್ತೆ ಹೊಗೆ. ಅನ್ನದ ಎಸರು ಕುದಿಯಲು ಒಂದೂವರೆ ಗಂಟೆ ಹಿಡಿಯಿತು. ಅಡುಗೆ ಹೆಂಗಸರ ಕಣ್ಣು ಕೆಂಡದಂತಾಗಿತ್ತು. ಅಡುಗೆ ಹಿರಿಯರು ನನ್ನನ್ನು ಕರೆದು, "ಯಜಮಾನ್ರೇ, ನೀವು ತರಿಸಿರೋದು ಸೌದೆಯೋ ನೀರೋ?" ಎಂದು ಕೇಳಿದರು. ಧಾರೆ ಮುಗಿದು ಬೀಗರು ಎಲೆ ಮುಂದೆ ಕೂತಾಗ ಪಾಯಸ, ಪಲ್ಯ ಬಡಿಸಿ ಅನ್ನಕ್ಕೆ ಕಾಯಿಸಬೇಕಾಯಿತು. ಕೊನೆಗೆ ಅಣ್ಣನ ಮಗ ಅಟ್ಟದಲ್ಲಿದ್ದ ತೆಂಗಿನ ಚಿಪ್ಪು, ಒಣ ಮಟ್ಟೆ ಎಲ್ಲವನ್ನೂ ಇಳಿಸಿ ಒಲೆಗೆ ತುಂಬಿದ. ಹತ್ತು ನಿಮಿಷದಲ್ಲಿ ಎಸರು ಮರಳಿತು. ಎರಡನೇ ಪಂಕ್ತಿಯಿಂದ ಊಟ ಸರಿಹೋಯಿತು. ನನ್ನ ಮನಸ್ಸು ಸರಿಹೋಗಲು ಬಹಳ ದಿನ ಬೇಕಾಯಿತು.

ಮದುವೆ ಮುಗಿದ ಮೇಲೆ ನಮ್ಮೂರಿನ ಹೈಸ್ಕೂಲು ವಿಜ್ಞಾನದ ಮೇಷ್ಟರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ನಗಲಿಲ್ಲ. "ನೀವು ಸೌದೆಯನ್ನು ತೂಕಕ್ಕೆ ಕೊಂಡಿರಿ. ಕೊಳ್ಳಬೇಕಾದದ್ದು ಅದರೊಳಗಿನ ಉಷ್ಣವನ್ನು" ಎಂದರು. ಮುಂದೆ ಬರೆದಿರುವುದರಲ್ಲಿ ಅರ್ಧ ಅವರು ವಿವರಿಸಿದ್ದು, ಅರ್ಧ ನಾನು ಮಾಡಿ ನೋಡಿದ್ದು.

ಕೆಂಪಗೆ ಕಾದ ಕುಡುಗೋಲು

ಮೇಷ್ಟರು ಮೊದಲು ಕೊಟ್ಟ ಉದಾಹರಣೆ ಕುಲುಮೆಯದು. ಕಾಲು ಕಿಲೋ ತೂಗುವ ಕುಡುಗೋಲನ್ನು ಆಚಾರಿ ಕೆಂಪಗೆ ಕಾಯಿಸುತ್ತಾನೆ. ಅದರ ಬಿಸಿ 800 ಡಿಗ್ರಿ ಹತ್ತಿರ ಇರುತ್ತದೆ. ಪಕ್ಕದ ಬಾನಿಯಲ್ಲಿ 20 ಲೀಟರ್ ನೀರಿದೆ. ಕುಡುಗೋಲನ್ನು ಅದ್ದಿದರೆ 'ಚುಂಯ್' ಎಂದು ಇಷ್ಟು ಆವಿ ಏಳುತ್ತದೆ, ಅಷ್ಟೆ. ನೀರಿಗೆ ಕೈ ಇಟ್ಟು ನೋಡಿ, ಬೆಚ್ಚಗಾದದ್ದೇ ಗೊತ್ತಾಗುವುದಿಲ್ಲ. ಲೆಕ್ಕ ಹಾಕಿದರೆ ಏರಿರುವುದು ಒಂದೆರಡು ಡಿಗ್ರಿ. ಕುಡುಗೋಲಿನ ಬಿಸಿ ಜಾಸ್ತಿ, ಆದರೆ ಅದರಲ್ಲಿದ್ದ ಉಷ್ಣ ಕಡಿಮೆ. ಅದೇ ಬಚ್ಚಲ ಹಂಡೆಯ ನೀರು 50 ಡಿಗ್ರಿ ಇದ್ದರೂ ಮನೆಮಂದಿಯ ಸ್ನಾನಕ್ಕೆ ಸಾಲುತ್ತದೆ. ಅದರ ಬಿಸಿ ಕಡಿಮೆ, ಉಷ್ಣ ಜಾಸ್ತಿ.

ಎಷ್ಟು ಬಿಸಿ ಎಂಬುದನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. ಶಾಲೆ ಪುಸ್ತಕದಲ್ಲಿ ಇದಕ್ಕೆ ತಾಪ ಅಥವಾ ತಾಪಮಾನ ಎಂದು ಹೆಸರು. ಎಷ್ಟು ಉಷ್ಣ ಎಂಬುದನ್ನು ಕಿಲೋ ಕ್ಯಾಲೊರಿಯಲ್ಲಿ ಅಳೆಯಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಉಷ್ಣವೇ ಒಂದು ಕಿಲೋ ಕ್ಯಾಲೊರಿ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ತೂಕ ಒಂದೇ ಇದ್ದರೂ ಎಲ್ಲ ವಸ್ತುವೂ ಒಂದೇ ಅಳತೆ ಉಷ್ಣ ಹಿಡಿಯುವುದಿಲ್ಲ. ಒಂದು ಕಿಲೋ ಕಲ್ಲು ಒಂದು ಡಿಗ್ರಿ ಬಿಸಿಯಾಗಲು, ಒಂದು ಕಿಲೋ ನೀರಿಗೆ ಬೇಕಾದುದರ ಐದನೇ ಒಂದು ಪಾಲು ಉಷ್ಣ ಸಾಕು. ಅದಕ್ಕೇ ಬಿಸಿಲಿಗೆ ಕಲ್ಲು ಬೇಗ ಕಾಯುತ್ತದೆ, ಕೆರೆ ನೀರು ನಿಧಾನ. ನೀರು ತುಂಬಿದ ರಾಗಿ ಮುದ್ದೆ ಮೇಲೆ ಆರಿದಂತೆ ಕಂಡರೂ ಒಳಗೆ ಬೆರಳು ಸುಡುವುದೂ ಇದಕ್ಕೇ.

ಹಳೇಬೀಡಿನ ಕಲ್ಲುಹಾಸು

ಮದುವೆಯಾದ ಮೂರನೇ ದಿನ ಹೊಸ ಜೋಡಿಯನ್ನು ಕರೆದುಕೊಂಡು ಜಾವಗಲ್ ದಾರಿಯಲ್ಲಿ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋದೆವು. ಹಳೇಬೀಡು ತಲುಪಿದಾಗ ನಡು ಮಧ್ಯಾಹ್ನ. ಚಪ್ಪಲಿ ಬಿಟ್ಟು ಕಲ್ಲುಹಾಸಿನ ಮೇಲೆ ಕಾಲಿಟ್ಟರೆ ಹೆಂಚಿನ ಮೇಲೆ ಇಟ್ಟಂತೆ. ಎಲ್ಲರೂ ಕುಣಿಯುತ್ತಾ ಪಕ್ಕದ ಹುಲ್ಲಿಗೆ ಇಳಿದೆವು, ಅಲ್ಲಿ ಹಾಯಾಗಿತ್ತು. ಕಲ್ಲಿಗೂ ಹುಲ್ಲಿಗೂ ಬಿದ್ದದ್ದು ಒಂದೇ ಸೂರ್ಯನ ಬಿಸಿಲು. ಆದರೆ ಹುಲ್ಲು ತನ್ನ ಮೈನೀರನ್ನು ಆವಿ ಮಾಡಿ ಬಿಡುತ್ತಾ ಬಂದ ಉಷ್ಣವನ್ನು ಕಳೆದುಕೊಳ್ಳುತ್ತಿರುತ್ತದೆ. ಕಲ್ಲಿಗೆ ಆ ದಾರಿ ಇಲ್ಲ. ಅದು ಕುಡಿದದ್ದನ್ನೆಲ್ಲಾ ಇಟ್ಟುಕೊಂಡು, ನಮ್ಮ ಅಂಗಾಲಿಗೆ ಸರಸರನೆ ದಾಟಿಸುತ್ತದೆ. ನಾರಿನ ಚಾಪೆ ಹಾಸಿದ್ದ ಕಡೆ ಅಷ್ಟೇ ಬಿಸಿಲಿದ್ದರೂ ಕಾಲು ಸುಡಲಿಲ್ಲ. ನಾರು ಹಿಡಿಯುವ ಉಷ್ಣವೂ ಕಡಿಮೆ, ದಾಟಿಸುವುದೂ ನಿಧಾನ.

ಬೇಲೂರಿನ ಗುಡಿ ಶುರುವಾದದ್ದು 1117ರಲ್ಲಿ, ಹಳೇಬೀಡಿನದು 1121ರ ಸುಮಾರಿಗೆ. ಎರಡೂ ಬಳಪದ ಕಲ್ಲಿನವು. 2023ರಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿದವು. ಹೊರಗೆ ಕಾಲು ಸುಟ್ಟುಕೊಂಡು ಒಳಗೆ ಹೋಗಿ ಕಂಬಕ್ಕೆ ಒರಗಿದರೆ ಬೆನ್ನಿಗೆ ತಂಪು. ಅಷ್ಟು ದಪ್ಪದ ಕಲ್ಲು ಒಳಗಿನವರೆಗೆ ಕಾಯಬೇಕಾದರೆ ಹಗಲು ಸಾಲುವುದಿಲ್ಲ. ಕಾಯುವಷ್ಟರಲ್ಲಿ ರಾತ್ರಿಯಾಗಿ ಕಲ್ಲು ತಾನು ಹಿಡಿದದ್ದನ್ನು ಹೊರಕ್ಕೆ ಬಿಡತೊಡಗುತ್ತದೆ. ಒಂದೇ ಕಲ್ಲು ಹೊರಗೆ ಸುಡುತ್ತದೆ, ಒಳಗೆ ತಂಪು ಕೊಡುತ್ತದೆ. ಕೈಗೆ ತಗಲುವ ಬಿಸಿಯನ್ನು ನಂಬಿ ಉಷ್ಣದ ಲೆಕ್ಕ ಹಾಕಬಾರದು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಮಡಕೆ ತಂಪು ಮಾಡುವ ನೀರೇ ಒಲೆಗೆ ಕಳ್ಳ

ನೀರು ಕುದಿಯಲು ಶುರುವಾದ ಮೇಲೆ ಎಷ್ಟು ಉರಿ ಹಾಕಿದರೂ ಅದರ ತಾಪ 100 ಡಿಗ್ರಿ ಸುತ್ತಲೇ ನಿಲ್ಲುತ್ತದೆ. ಹಾಕಿದ ಉರಿ ಎಲ್ಲಿಗೆ ಹೋಯಿತು? ನೀರನ್ನು ಆವಿ ಮಾಡಲು ಹೋಯಿತು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ಪಂಡಿತರು 1760ರ ಸುಮಾರಿಗೆ ಇದನ್ನು ಅಳೆದು ತೋರಿಸಿದರು. ಥರ್ಮಾಮೀಟರಿಗೆ ಕಾಣದೆ ಅಡಗಿಕೊಳ್ಳುವುದರಿಂದ ಇದಕ್ಕೆ ಗುಪ್ತೋಷ್ಣ ಎಂದು ಹೆಸರು. ಒಂದು ಲೀಟರ್ ಕುದಿಯುವ ನೀರು ಪೂರಾ ಆವಿಯಾಗಲು ಸುಮಾರು 540 ಕಿಲೋ ಕ್ಯಾಲೊರಿ ಬೇಕು. ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದುದು ಅದರ ಮುಂದೆ ಎಷ್ಟೂ ಅಲ್ಲ, ಬರೀ 70.

ಬೇಸಿಗೆಯಲ್ಲಿ ಮಣ್ಣಿನ ಮಡಕೆ ನೀರು ತಂಪಾಗುವುದು ಇದರಿಂದಲೇ. ಮಡಕೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಉಷ್ಣ ಕಿತ್ತುಕೊಂಡು ಹೋಗುತ್ತದೆ. ನಮ್ಮ ಬೆವರು ಮಾಡುವುದೂ ಇದೇ ಕೆಲಸ. ಹಸಿ ಸೌದೆಯೊಳಗಿನ ನೀರೂ ಇದನ್ನೇ ಮಾಡುತ್ತದೆ, ಆದರೆ ಕಿತ್ತುಕೊಳ್ಳುವುದು ನಮ್ಮ ಒಲೆಯ ಬೆಂಕಿಯಿಂದ.

ಕರಾವಳಿಯ ಓದುಗರಿಗೆ ಒಂದು ಮಾತು. ನಿಮ್ಮಲ್ಲಿ 33 ಡಿಗ್ರಿ, ನಮ್ಮಲ್ಲಿ 37 ಡಿಗ್ರಿ ಎಂದು ರೇಡಿಯೋ ಹೇಳಿದರೂ ನಿಮ್ಮ ಸೆಕೆ ನಮಗೆ ತಡೆಯಲಾಗುವುದಿಲ್ಲ. ನಮ್ಮದು ಒಣ ಗಾಳಿ. ನಿಮ್ಮ ಗಾಳಿಯಲ್ಲಿ ಆವಿ ತುಂಬಿದೆ, ಆವಿಯೊಳಗೆ ಗುಪ್ತೋಷ್ಣ ಕೂತಿದೆ. ಡಿಗ್ರಿ ಕಡಿಮೆ ಇದ್ದರೂ ಒಂದು ಕಿಲೋ ಗಾಳಿಯಲ್ಲಿರುವ ಒಟ್ಟು ಉಷ್ಣ ನಿಮ್ಮದರಲ್ಲೇ ಜಾಸ್ತಿ. ಸಾಲದ್ದಕ್ಕೆ ಆವಿ ತುಂಬಿದ ಗಾಳಿಗೆ ಬೆವರು ಬೇಗ ಆರುವುದೂ ಇಲ್ಲ.

ನಾಲ್ಕು ರೂಪಾಯಿಯ ಸೌದೆ ದುಬಾರಿ

ಈಗ ನನ್ನ ಸೌದೆಯ ಲೆಕ್ಕ. ಪೂರ್ತಿ ಒಣಗಿದ ಮರ ಯಾವುದೇ ಆಗಲಿ, ಕಿಲೋಗೆ ಸುಮಾರು 4,400 ಕಿಲೋ ಕ್ಯಾಲೊರಿ ಕೊಡುತ್ತದೆ. ಜಾಲಿಗೂ ನೀಲಗಿರಿಗೂ ತೂಕದ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ತೇವದಲ್ಲಿ. ಹೊಸದಾಗಿ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ.

ಒಂದು ಕಿಲೋ ಹಸಿ ಸೌದೆ ಎಂದರೆ ಅರ್ಧ ಕಿಲೋ ಮರ, ಅರ್ಧ ಲೀಟರ್ ನೀರು. ಅರ್ಧ ಕಿಲೋ ಮರದಿಂದ 2,200 ಬರುತ್ತದೆ. ಅದರಲ್ಲಿ 300 ಆ ಅರ್ಧ ಲೀಟರ್ ನೀರನ್ನು ಆವಿ ಮಾಡಲು ಹೋಗುತ್ತದೆ. ಉಳಿದದ್ದು 1,900. ಚೆನ್ನಾಗಿ ಬಿಸಿಲು ಕಂಡ ಸೌದೆಯಲ್ಲಿ ಶೇಕಡ 15ರಷ್ಟು ತೇವ ಉಳಿದಿದ್ದರೂ ಕೈಗೆ ಸಿಗುವುದು 3,650ರ ಹತ್ತಿರ.

ನಾಲ್ಕು ರೂಪಾಯಿಗೆ 1,900 ಎಂದರೆ ರೂಪಾಯಿಗೆ 475. ಆರು ರೂಪಾಯಿಗೆ 3,650 ಎಂದರೆ ರೂಪಾಯಿಗೆ 600ಕ್ಕೂ ಮೇಲೆ. ಅಗ್ಗ ಎಂದು ನಾನು ಕೊಂಡದ್ದೇ ದುಬಾರಿಯದು. ಹತ್ತು ಕ್ವಿಂಟಲ್‌ನಲ್ಲಿ ಐದು ಕ್ವಿಂಟಲ್ ನೀರಿಗೆ ದುಡ್ಡು ಕೊಟ್ಟೆ. ಆ ನೀರನ್ನು ಆವಿ ಮಾಡಲು ಮೂರು ಲಕ್ಷ ಕಿಲೋ ಕ್ಯಾಲೊರಿ ಹೋಗುತ್ತದೆ. ಅದು ಮನೆಗೆ ಬರುವ 14.2 ಕಿಲೋ ಗ್ಯಾಸ್ ಸಿಲಿಂಡರ್ ಎರಡರಲ್ಲಿ ಇರುವಷ್ಟು ಉಷ್ಣ.

ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ನೀರು ಉಷ್ಣ ಹೀರಿದಂತೆ ಒಲೆಯ ತಾಪ ಇಳಿಯುತ್ತದೆ. ಸೌದೆ ಕಾದಾಗ ಅದರಿಂದ ಹೊರಡುವ ಅನಿಲಕ್ಕೆ ಬೆಂಕಿ ಹತ್ತಬೇಕಾದರೆ ಒಲೆ ತಕ್ಕಷ್ಟು ಬಿಸಿಯಾಗಿರಬೇಕು. ಇಲ್ಲದಿದ್ದರೆ ಅದು ಸುಡದೆ ಹೊಗೆಯಾಗಿ ಹೋಗುತ್ತದೆ. ಹೊಗೆ ಎಂದರೆ ನಾವು ದುಡ್ಡು ಕೊಟ್ಟು ಕೊಂಡ ಉಷ್ಣವೇ, ಹೆಂಗಸರ ಕಣ್ಣಿಗೆ, ಎದೆಗೆ ಹೋಗಿ ಸೇರುವುದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರದವರು 1980ರ ದಶಕದಲ್ಲಿ ಅಸ್ತ್ರ ಒಲೆ ರೂಪಿಸಿದ್ದು ಈ ನಷ್ಟ ತಪ್ಪಿಸಲೆಂದೇ. ಆದರೆ ಎಂಥಾ ಒಲೆಯಾದರೂ ಹಸಿ ಸೌದೆಯ ಮುಂದೆ ಸೋಲುತ್ತದೆ.

ಆಶ್ಚರ್ಯ ನೋಡಿ. ನಾವು ಕೊಬ್ಬರಿ ಮಾರುವಾಗ ಕೊಳ್ಳುವವರು ತೇವಾಂಶ ನೋಡಿಯೇ ಬೆಲೆ ಹೇಳುತ್ತಾರೆ. ನಾವು ಸೌದೆ ಕೊಳ್ಳುವಾಗ ಮಾತ್ರ ಆ ಮಾತೇ ಎತ್ತುವುದಿಲ್ಲ.

ಮೈಗೆ ಉಷ್ಣ ಎಂಬುದು

ಉಷ್ಣ ಎಂಬ ಮಾತು ನಮ್ಮಲ್ಲಿ ಇನ್ನೊಂದು ಅರ್ಥದಲ್ಲೂ ಓಡಾಡುತ್ತದೆ. ಹುರುಳಿ ಉಷ್ಣ, ಎಳ್ಳು ಉಷ್ಣ, ಪರಂಗಿ ಹಣ್ಣು ಉಷ್ಣ, ಮೊಟ್ಟೆ ಹೀಟು. ರಾಗಿ ಅಂಬಲಿ ತಂಪು, ಮಜ್ಜಿಗೆ ತಂಪು, ಮೆಂತ್ಯ ತಂಪು. ಆಹಾರದ ಶಕ್ತಿಯನ್ನೂ ಅಳೆಯುವುದು ಅದೇ ಕಿಲೋ ಕ್ಯಾಲೊರಿಯಲ್ಲಿ. ಆ ಪಟ್ಟಿ ತೆಗೆದು ನೋಡಿದರೆ ನೂರು ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 320ರಿಂದ 330. ನೂರು ಗ್ರಾಂ ಹುರುಳಿಯಲ್ಲೂ ಅಷ್ಟೇ! ಒಂದನ್ನು ತಂಪು ಅಂತೀವಿ, ಇನ್ನೊಂದನ್ನು ಉಷ್ಣ ಅಂತೀವಿ.

ಹಾಗಾದರೆ ಹಿರಿಯರು ಹೇಳಿದ್ದು ಸುಳ್ಳೇ? ನಾನು ಹಾಗೆ ಹೇಳಲಾರೆ. ಬಾಯಿ ಹುಣ್ಣು, ಕಣ್ಣುರಿ, ಉರಿಮೂತ್ರ ಇವನ್ನು ಕಂಡು ಅವರು 'ಉಷ್ಣ' ಎಂದರು. ಅದು ಮೈಗೆ ಅನ್ನಿಸಿದ್ದಕ್ಕೆ ಇಟ್ಟ ಹೆಸರು. ಅದನ್ನು ಥರ್ಮಾಮೀಟರಿನಿಂದಲೂ ಅಳೆಯಲಾಗದು, ಕ್ಯಾಲೊರಿಯಿಂದಲೂ ಅಳೆಯಲಾಗದು. ತೊಂದರೆ ಆಗುವುದು ಎರಡು ಅರ್ಥವನ್ನೂ ಕಲಸಿದಾಗ.

ಮಗಳು ಬಸುರಿಯಾದಾಗ ಆದದ್ದು ಇದೇ. ಉಷ್ಣ ಆಗುತ್ತದೆ ಎಂದು ಅವಳಿಗೆ ಹುರುಳಿ ಸಾರು ನಿಲ್ಲಿಸಿದರು, ಎಳ್ಳು, ಕಡಲೆಕಾಯಿ, ಮೊಟ್ಟೆ ಎಲ್ಲಾ ನಿಲ್ಲಿಸಿದರು. ತಂಪು ಎಂದು ಅಂಬಲಿ, ಮಜ್ಜಿಗೆ. ಪ್ರೀತಿಯಿಂದಲೇ ಮಾಡಿದ್ದು, ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಿದ್ದೆವು. ಐದನೇ ತಿಂಗಳು ತಪಾಸಣೆಗೆ ಹೋದರೆ ತೂಕ ಏರಿಲ್ಲ, ರಕ್ತ ಕಡಿಮೆ. ಅಲ್ಲಿನ ದಾದಿ ನನ್ನ ಹೆಂಡತಿಯನ್ನು ಕೂರಿಸಿಕೊಂಡು, "ಅಮ್ಮಾ, ಒಲೆಗೆ ಸೌದೆ ಹಾಕದೆ ಅನ್ನ ಬೇಯುತ್ತಾ? ಎರಡು ಜೀವಕ್ಕೆ ಇಷ್ಟು ಸಾಲುತ್ತಾ?" ಎಂದು ಕೇಳಿದರಂತೆ. ಆ ಮಾತು ನನಗೆ ಚೆನ್ನಾಗಿ ನಾಟಿತು. ಹಸಿ ಸೌದೆಯ ಒಲೆ ನೋಡಿದ್ದೆನಲ್ಲ! ಅಂಬಲಿ ಬಿಡಲಿಲ್ಲ. ಜೊತೆಗೆ ಕಾಳು, ಮೊಟ್ಟೆ, ಸೊಪ್ಪು ಶುರು ಮಾಡಿದರು, ಕೊಟ್ಟ ಮಾತ್ರೆಯನ್ನೂ ನುಂಗಿದಳು. ತಾಯಿ ಮಗು ಇಬ್ಬರೂ ಗಟ್ಟಿಯಾಗಿ ಮನೆಗೆ ಬಂದರು.

ಹಾಗಾದರೆ ಉಷ್ಣ ಎಲ್ಲಿದೆ?

ಮೇಷ್ಟರನ್ನು ಕೊನೆಗೆ ಒಂದು ಪ್ರಶ್ನೆ ಕೇಳಿದೆ. ಸೌದೆ ಮುಟ್ಟಿದರೆ ತಣ್ಣಗಿರುತ್ತದಲ್ಲ, ಉಷ್ಣ ಅದರೊಳಗೆ ಎಲ್ಲಿ ಕೂತಿರುತ್ತದೆ? ಅವರು ಹೇಳಿದ್ದು ಹೀಗೆ. ಹಿಂದಿನ ಕಾಲದಲ್ಲಿ ಉಷ್ಣವೂ ಒಂದು ವಸ್ತು, ಕಾಣದ ದ್ರವ ಎಂದು ಪಂಡಿತರೇ ನಂಬಿದ್ದರು. 1798ರಲ್ಲಿ ರಮ್‌ಫರ್ಡ್ ಎಂಬುವರು ಫಿರಂಗಿ ಕೊರೆಯುವಾಗ ತಿಕ್ಕಾಟದಿಂದ ಎಷ್ಟು ಬೇಕಾದರೂ ಉಷ್ಣ ಹುಟ್ಟುವುದನ್ನು ತೋರಿಸಿದರು. 1840ರ ದಶಕದಲ್ಲಿ ಇಂಗ್ಲೆಂಡಿನ ಜೂಲ್ ಎಂಬುವರು ತೂಕದ ಬೊಡ್ಡೆಗಳನ್ನು ಕೆಳಗೆ ಇಳಿಬಿಟ್ಟು, ಅದರ ಬಲದಿಂದ ನೀರನ್ನು ಕಡೆದು ಬಿಸಿ ಮಾಡಿ ಅಳೆದರು. ಕೆಲಸವೇ ಉಷ್ಣವಾಗುತ್ತದೆ ಎಂದಾಯಿತು. ಹಾಗಾಗಿ ವಸ್ತುವಿನೊಳಗೆ ಇರುವುದು ಶಕ್ತಿ. ಬಿಸಿಯಾದದ್ದರಿಂದ ತಣ್ಣಗಿನದಕ್ಕೆ ಅದು ದಾಟಿಕೊಂಡು ಹೋಗುವಾಗ ಮಾತ್ರ ಉಷ್ಣ ಎಂದು ಹೆಸರು.

ನನಗೆ ಮದುವೆಯ ಮುಯ್ಯಿ ನೆನಪಾಯಿತು. ಪೆಟ್ಟಿಗೆಯೊಳಗೆ ಇದ್ದಾಗ ಅದು ಬರೀ ದುಡ್ಡು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಮುಯ್ಯಿ. ಹೋಗಿ ಸೇರಿದ ಮೇಲೆ ಮತ್ತೆ ದುಡ್ಡು. ಸೌದೆಯಲ್ಲಿ ಇಷ್ಟು ಉಷ್ಣ ಇದೆ ಎಂದರೆ, ಸುಟ್ಟಾಗ ಇಷ್ಟು ಉಷ್ಣ ಕೊಡಬಲ್ಲದು ಎಂದು ಅರ್ಥ. ದಿನಬಳಕೆಗೆ ಹಾಗೆ ಅಂದರೆ ತಪ್ಪೇನಿಲ್ಲ.

ಈಗ ನಾನು ಮಾಡುತ್ತಿರುವುದು

1. ಸಂಕ್ರಾಂತಿ ಕಳೆದ ಮೇಲೆ ಸೌದೆ ಕಡಿದು, ಸೀಳಿ ಒಡ್ಡುತ್ತೇನೆ. ಸೀಳದ ದಿಮ್ಮಿ ಒಳಗೆ ಒಣಗುವುದಿಲ್ಲ. ಮೇ ತಿಂಗಳ ಮಳೆ ಹಿಡಿಯುವ ಮೊದಲೇ ಸೂರಿನಡಿ ಸೇರಿಸುತ್ತೇನೆ.

2. ಕೆಳಗೆ ಕಲ್ಲಿಟ್ಟು ನೆಲಕ್ಕೆ ತಾಗದಂತೆ, ಅಡ್ಡ ಒಂದು ಸಾಲು ಉದ್ದ ಒಂದು ಸಾಲು, ಗಾಳಿ ಆಡುವಂತೆ ಜೋಡಿಸುತ್ತೇನೆ.

3. ಹೊಸ ಸೌದೆಯ ಸೀಳೊಂದನ್ನು ತೂಗಿ, ತೂಕವನ್ನು ಅದರ ಮೇಲೇ ಬರೆದು ರಾಶಿಯಲ್ಲಿ ಇಡುತ್ತೇನೆ. 1,000 ಗ್ರಾಂ ಇದ್ದ ನೀಲಗಿರಿ ಸೀಳು ಮೂರು ತಿಂಗಳ ಬಿಸಿಲಿಗೆ 590 ಗ್ರಾಂಗೆ ಇಳಿಯಿತು. ತೂಕ ಇಳಿಯುವುದು ನಿಂತರೆ ಸೌದೆ ತಯಾರು.

4. ತಕ್ಕಡಿ ಇಲ್ಲದಿದ್ದರೆ ಎರಡು ಸೀಳನ್ನು ಬಡಿದು ನೋಡಿ. ಒಣಗಿದ್ದು 'ಟಣ್' ಅನ್ನುತ್ತದೆ, ಹಸಿಯದು 'ದಬ್' ಅನ್ನುತ್ತದೆ. ಒಣಗಿದ್ದರ ತುದಿಯಲ್ಲಿ ಬಿರುಕು ಇರುತ್ತದೆ, ತೊಗಟೆ ಸುಲಭವಾಗಿ ಏಳುತ್ತದೆ.

5. ತೂಕಕ್ಕೆ ಕೊಂಡರೆ ಒಣಗಿದ್ದನ್ನು ನೋಡುತ್ತೇನೆ, ಮರದ ಜಾತಿ ಅಷ್ಟು ನೋಡುವುದಿಲ್ಲ. ಗಾಡಿ ಲೆಕ್ಕಕ್ಕೆ ಕೊಂಡರೆ ಜಾಲಿಯಂಥ ಗಟ್ಟಿ ಮರ ಕೇಳುತ್ತೇನೆ. ಅದೇ ಗಾಡಿಯಲ್ಲಿ ಹೆಚ್ಚು ತೂಕ, ಹೆಚ್ಚು ಉಷ್ಣ ಬರುತ್ತದೆ.

6. ತೆಂಗಿನ ಚಿಪ್ಪು, ನಿಮ್ಮ ಕಡೆ ಕರಟ ಅನ್ನುವುದು, ಕಿಲೋಗೆ ಒಣ ಸೌದೆಗಿಂತ ಕಡಿಮೆ ಉಷ್ಣ ಕೊಡುವುದಿಲ್ಲ. ನೆನೆಯದಂತೆ ಒಂದೆರಡು ಮೂಟೆ ಯಾವಾಗಲೂ ಇಟ್ಟುಕೊಂಡಿರುತ್ತೇನೆ.

ಕಳೆದ ವರ್ಷ ಅಣ್ಣನ ಮಗನ ಮದುವೆಗೆ ಸೌದೆಯ ಜವಾಬ್ದಾರಿ ನನ್ನದೇ ಆಗಿತ್ತು. ಬೇಸಿಗೆ ಶುರುವಾಗುವ ಮುಂಚೆಯೇ ಸೀಳಿ ಒಣಗಿಸಿದ್ದೆ. ಹತ್ತು ಕ್ವಿಂಟಲ್ ಕೇಳಿದವರಿಗೆ ಆರು ಕ್ವಿಂಟಲ್ ಒಣ ಸೌದೆ ಕೊಟ್ಟೆ. ಅಡುಗೆ ಮುಗಿದ ಮೇಲೂ ಒಂದು ಹೊರೆ ಉಳಿದಿತ್ತು. ಅದೇ ಅಡುಗೆ ಹಿರಿಯರು ಬಂದಿದ್ದರು. ಒಲೆ ಹಚ್ಚಿ ನೋಡಿ, "ಈ ಸಲ ಸೌದೆ ತಂದಿದ್ದೀರಿ, ಯಜಮಾನ್ರೇ" ಎಂದರು.

ನಿಮ್ಮ ಕಡೆ ಸೌದೆ ಒಣಗಿಸುವ ಬೇರೆ ಕ್ರಮ ಇದ್ದರೆ, ಅದರಲ್ಲೂ ಮಳೆ ಜಾಸ್ತಿ ಇರುವ ಕಡೆಯವರು, ದಯವಿಟ್ಟು ಪತ್ರಿಕೆಗೆ ಬರೆಯಿರಿ.